ಗಾಳಿಗೊಂದು ದಾರಿ

ಯುಗಾದಿ ಕಳೆದ ಮೇಲೆ ಮಾರತ್ತಹಳ್ಳಿಯ ಮಧ್ಯಾಹ್ನಗಳಲ್ಲಿ ನನ್ನ ಕಾಲು ತಾನಾಗಿ ಬೀದಿ ತುದಿಯ ಹೊಂಗೆಮರದತ್ತ ಸಾಗುತ್ತದೆ. ಎಳನೀರಿನ ಗಾಡಿಯೂ ಅಲ್ಲೇ ನಿಂತಿರುತ್ತದೆ. ಶಿವರಾತ್ರಿ ಹೊತ್ತಿಗೆ ಎಲೆ ಉದುರಿಸುತ್ತಿದ್ದ ಮರ, ಬಿಸಿಲು ಬಲಿಯುವಷ್ಟರಲ್ಲಿ ಮಿರಮಿರ ಹೊಳೆಯುವ ತಳಿರು ಹೊದ್ದು ನಿಂತಿದೆ. ತಗಡಿನ ಚಪ್ಪರದಡಿಯಲ್ಲೂ ನೆರಳಿದೆ, ಕೂತರೆ ಬೆಂದುಹೋಗುತ್ತೇವೆ. ಹೊಂಗೆಯಡಿ ಕೂತರೆ ಕಣ್ಣೆಳೆಯುತ್ತದೆ. ಎಲೆಗಳು ಬಿಸಿಲನ್ನು ತಡೆಯುತ್ತವೆ, ಒಳಗಿನ ನೀರನ್ನು ಆವಿಯಾಗಿ ಬಿಟ್ಟು ತಣ್ಣಗಿರುತ್ತವೆ, ನಡುವಿನ ಸಂದುಗಳಲ್ಲಿ ಗಾಳಿಯನ್ನು ಹಾಯಗೊಡುತ್ತವೆ. ತಂಪು ಪೂರ್ತಿಯಾಗುವುದು ನೆರಳಿನ ಜೊತೆ ಗಾಳಿಗೊಂದು ದಾರಿ ಸಿಕ್ಕಾಗ.

ಅಜ್ಜಿಯ ಹೆಂಚಿನ ಮನೆಯ ಅಡುಗೆಕೋಣೆಯಲ್ಲಿ ಸೂರಿನ ಹತ್ತಿರ ಒಂದು ಗವಾಕ್ಷಿ ಇತ್ತು. ಒಲೆಯ ಬಿಸಿಗಾಳಿ ಹೊಗೆಯನ್ನೂ ಕರೆದುಕೊಂಡು ಅಲ್ಲಿಂದ ಹೊರಬೀಳುತ್ತಿದ್ದಂತೆ ಹಿತ್ತಿಲ ಬಾಗಿಲಿನಿಂದ ತಣ್ಣನೆ ಗಾಳಿ ಒಳಬರುತ್ತಿತ್ತು. ಆ ಗವಾಕ್ಷಿಯನ್ನು ನೆನಪಿಸಿದ್ದು ದೊಮ್ಮಲೂರಿನ ಟೆರಿ (ಇಂಧನ ಮತ್ತು ಸಂಪನ್ಮೂಲ ಸಂಸ್ಥೆ) ಕಟ್ಟಡ. ಅದರ ದಕ್ಷಿಣಕ್ಕೆ ನಾರುವ ದೊಡ್ಡ ಮೋರಿ, ಗಾಳಿ ಬೀಸುವುದೂ ಆ ಕಡೆಯಿಂದಲೇ. ಕಿಟಕಿ ತೆರೆದರೆ ದುರ್ನಾತ, ಮುಚ್ಚಿದರೆ ಸೆಕೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅಲ್ಲಿ ಜೋಡಿಗೋಡೆ ಎಬ್ಬಿಸಿ ಹೊರಮೈಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ. ಸಂದಿನ ಗಾಳಿ ಬಿಸಿಯಾಗಿ ಮೇಲೇರುತ್ತ ಕೋಣೆಗಳ ಗಾಳಿಯನ್ನು ಸೆಳೆಯುತ್ತದೆ. ಆ ತೆರವಿಗೆ ಉತ್ತರದಿಂದ ಹೊಸ ಗಾಳಿ ನುಗ್ಗುತ್ತದೆ. ಬಿಸಿಲೇ ಅಲ್ಲಿ ಬೀಸಣಿಗೆ.

ಇಂಥದೇ ಜಾಣ್ಮೆ ದೂರದ ಜಿಂಬಾಬ್ವೆಯಲ್ಲೂ ಇದೆ. ಹರಾರೆಯಲ್ಲಿ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಗೆದ್ದಲ ಹುತ್ತದಿಂದ ಸ್ಫೂರ್ತಿ ಪಡೆದು ರೂಪಿಸಿದ ಈಸ್ಟ್‌ಗೇಟ್ ಕಟ್ಟಡ 1996ರಲ್ಲಿ ತೆರೆಯಿತು. ರಾತ್ರಿಯ ತಂಪನ್ನು ಗೋಡೆ, ನೆಲಗಳಲ್ಲಿ ಹಿಡಿದಿಟ್ಟು ಹಗಲಿಗೆ ಕೊಡುತ್ತದೆ ಅದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೂ ರಾತ್ರಿಯ ತಂಪಿನ ಭಾಗ್ಯವಿದೆ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳನ್ನು ಕಂಡಾಗ ಸಂಕಟವಾಗುವುದು ಅದಕ್ಕೇ. ಗಾಜು ಬಿಸಿಲನ್ನು ಒಳಕ್ಕೆ ಬಿಟ್ಟುಕೊಂಡು ಕಾವನ್ನು ಹಿಡಿದಿಡುತ್ತದೆ. ಏಸಿ ಆ ಕಾವನ್ನು ಬೀದಿಗೆ, ನಡೆದು ಹೋಗುವವರ ಮುಖಕ್ಕೆ ತಂದು ಸುರಿಯುತ್ತದೆ.

ಕಳೆದ ವಾರ ಸ್ಟೂಲು ಹತ್ತಿ, ದೂಳು ಬರುತ್ತದೆಂದು ನಾನೇ ಮನೆಯ ವೆಂಟಿಲೇಟರಿಗೆ ಬಡಿದಿದ್ದ ರಟ್ಟನ್ನು ಕಿತ್ತೆ. ಅದರ ಜಾಗಕ್ಕೆ ಸೊಳ್ಳೆಪರದೆ ಬಿಗಿದೆ. ಪಶ್ಚಿಮದ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದೆ. ಸಂಜೆ ಫ್ಯಾನು ನಿಲ್ಲಿಸಿ ಕೂತೆ. ಸ್ವಲ್ಪ ಹೊತ್ತಿಗೆ ಗೋಡೆಯ ಕ್ಯಾಲೆಂಡರಿನ ಹಾಳೆ ಮೆಲ್ಲಗೆ ಎದ್ದು ಮಲಗಿತು. ಲಾವಂಚದ ಕಂಪಿನ ಹಿಂದೆಯೇ ಹೊಂಗೆಹೂವಿನ ನವಿರು ಪರಿಮಳವೂ ಒಳಗೆ ಬಂತು.