ಉಣ್ಣೋರನ್ನ ಎಬ್ಬಸಬಾರ್ದು

ಯುಗಾದಿ ಮುಗದು ವಾರಕ್ಕ ನಾವು ಹೆರಕಲ್ ಕಡೆ ಹಕ್ಕಿ ನೋಡಾಕ ಹೋಗಿದ್ವಿ. ಇಳಕಲ್ಲಿಂದ ನಸುಕಿನಾಗ ಬಿಟ್ಟು, ಹುನಗುಂದ ದಾಟಿ, ಬಾಗಲಕೋಟಿ ನವನಗರದಾಗ ಅಣ್ಣನ ಮನ್ಯಾಗಿರೋ ನಮ್ಮವ್ವನ್ನೂ ಕರಕೊಂಡ್ವಿ. ಬುತ್ತಿಗೆ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು.

ಅವ್ವ ಮೊದಲ ಒಲ್ಲೆ ಅಂದ್ಲು. "ಆ ನೀರು ನೋಡಾಕ ನಾ ಯಾಕ ಬರ್ಲಿ?" ಅಕಿ ಮಾತು ಖರೇನ. ಆಲಮಟ್ಟಿ ಡ್ಯಾಮಿನ ಹಿನ್ನೀರಿನಾಗ ನಮ್ಮ ತವರಮನಿ, ಘಟಪ್ರಭಾ ದಂಡಿ ಮ್ಯಾಲಿನ ಎರಿ ಹೊಲ ಎಲ್ಲಾ ಹೋಗಿ 20 ವರ್ಷದ ಮ್ಯಾಲಾತು. ಅವತ್ತಿಂದ ಅಕಿ ಆ ಕಡೆ ಹಾದಿ ಹಿಡದಿಲ್ಲ. ನನ್ನ ಮೊಮ್ಮಗ ಕೈ ಹಿಡದು ಎಳದಾಗ ಎದ್ಲು.

ಮಳಿಗಾಲದಾಗ ಅಲ್ಲಿ ಬರೇ ನೀರು. ಬ್ಯಾಸಗ್ಯಾಗ ಹಿನ್ನೀರು ಸರದು ರಾಡಿ ಬಿದ್ದಾಗ ರಾಜಹಂಸ ಬರ್ತಾವ. ಫ್ಲೆಮಿಂಗೊ ಅಂತಾರಲ್ಲ, ಅವ. 4 ಅಡಿ ಎತ್ತರ, ಕಡ್ಡಿಯಂಥಾ ಕಾಲು. ಕೊಕ್ಕು ಬೋರಲ ಮಾಡಿ ರಾಡಿನೀರಾಗ ಅದ್ದತಾವ. ನಾವು ಹಿಟ್ಟು ಸಾಣಿಸಿದಂಗ ನೀರು ಹೊರಗ ಬಿಟ್ಟು, ಸಣ್ಣ ಹುಳ, ಪಾಚಿ ಅಷ್ಟ ಒಳಗ ಇಟಕೋತಾವ. ಆ ತಿನಿಸಿನಿಂದನ ಮೈಗೆ ಗುಲಾಬಿ ಬಣ್ಣಂತ.

ಅಕ್ಕಾರ, ನೀವು ಹೋದ್ರ ರಾಡ್ಯಾಗ ಇಳೀಬ್ಯಾಡ್ರಿ. ಮ್ಯಾಲೆ ಒಣಗಿದಂಗ ಕಾಣತೈತಿ, ಕಾಲಿಟ್ರ ಮೊಣಕಾಲ ತನಕ ಹೋಗತೈತಿ. ನನ್ನ ಮಗನ ಒಂದ ಚಪ್ಪಲಿ ಇನ್ನೂ ಅಲ್ಲೇ ಐತಿ.

ಮೊಮ್ಮಗ ಒಮ್ಮೆಲೆ ಚಪ್ಪಾಳಿ ಬಡದ. ಹಿಂಡಿಗೆ ಹಿಂಡ ಎದ್ವು. ರೆಕ್ಕಿ ಬಿಚ್ಚಿದ್ರ ಕೆಂಪು, ಅಂಚಿಗೆ ಕಪ್ಪು. ನಮ್ಮ ಟೋಪ್ ತೆಣಿ ಸೆರಗು ಗಾಳಿಗೆ ಬಿಟ್ಟಂಗ! ನಾನಂತೂ ಫೋಟೋ ತಗಿಯೂದ ಮರತು ನಿಂತೆ. ಅವ್ವ ಮಾತ್ರ ಹುಡುಗನ್ನ ಬೈದ್ಲು. "ಉಣ್ಣೋರನ್ನ ಎಬ್ಬಸಬಾರ್ದೋ ಕೂಸ."

ಅವು ದೂರ ಒಂದು ದಿನ್ನಿ ಬಾಜೂಕ ಇಳದ್ವು. ಅವ್ವ ಹಣಿಗೆ ಕೈ ಹಚ್ಚಿ ಭಾಳ ಹೊತ್ತು ನೋಡಿದ್ಲು.

"ಅದು ನಮ್ಮ ಹೊಲ ಅಲ್ಲೇನ?"

ನನಗ ಗುರ್ತ ಹತ್ತಲಿಲ್ಲ. ಹೂಂ ಅಂದೆ.

"ಮತ್ತ ಅದಕ್ಕ ಅಲ್ಲಿ ಕುಂತಾವ. ಆ ಹೊಲ ಯಾರನ್ನೂ ಉಪಾಸ ಕಳಿಸಿದ್ದಿಲ್ಲ."

ಬುತ್ತಿ ಅಲ್ಲೇ ಬಿಚ್ಚು ಅಂದ್ಲು. ನೀರಿಗೆ ಮಾರಿ ಮಾಡಿ ಕುಂತು, ಮನ್ಯಾಗ ಅರ್ಧಾ ರೊಟ್ಟಿಗೆ ಸಾಕನ್ನಾಕಿ ಒಂದೂವರಿ ತಿಂದ್ಲು.

ಹೊಳ್ಳಿ ಬರೂ ಮುಂದ ಗಾಡ್ಯಾಗ ಕೇಳಿದ್ಲು, "ನೀರು ಮತ್ತ ಯಾವಾಗ ಏರತೈತಿ?"

"ಮಳಿಗಾಲ ಹಿಡದ ಮ್ಯಾಲವ್ವ."

"ಹಂಗಾರ ಅದರೊಳಗ ಇನ್ನೊಮ್ಮೆ ಕರಕೊಂಡ ಬಾ."