ರಿವಾಲ್ವರಿನ ಕಾಲನಿರ್ಣಯ

ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಎಂದರೆ 1876ರಿಂದ 1878ರವರೆಗಿನ ಘೋರಕಾಲದಲ್ಲಿ, ನಮ್ಮ ಮುತ್ತಾತನವರು ಮನೆಗೆ ನುಗ್ಗಿದ ದರೋಡೆಗಾರರನ್ನು ರಿವಾಲ್ವರು ತೋರಿಸಿ ಓಡಿಸಿದರೆಂಬುದು ನಮ್ಮ ಮನೆತನದಲ್ಲಿ ನಡೆದುಬಂದ ಕಥೆ. ಶ್ರೀನಿವಾಸಪುರದ ಸೀಮೆಯಲ್ಲಿ ಉಪಾಧ್ಯಾಯನಾಗಿದ್ದಾಗ, ಧೈರ್ಯದ ವಿಷಯ ಬಂದಾಗಲೆಲ್ಲ ನಾನು ಇದನ್ನೇ ಉದಾಹರಿಸುತ್ತಿದ್ದೆನು. ಹುಡುಗರು ಕಣ್ಣರಳಿಸಿ ಕೇಳುತ್ತಿದ್ದರು. ಅದಕ್ಕೆ ಸಾಕ್ಷಿ ಬೇಕೆಂದು ಅವರಿಗೂ ತೋರಲಿಲ್ಲ, ನನಗೂ ತೋರಲಿಲ್ಲ.

ತಂದೆಯವರು ಸ್ವರ್ಗಸ್ಥರಾದ ಮೇಲೆ, ಅವರ ಹೆಸರಿನಲ್ಲಿದ್ದ ಆ ಆಯುಧವನ್ನು 1959ರ ಶಸ್ತ್ರಾಸ್ತ್ರ ಕಾಯಿದೆಯ ಮೇರೆಗೆ ಪರವಾನಗಿಯುಳ್ಳ ಬಂದೂಕಿನ ವ್ಯಾಪಾರಿಯೊಬ್ಬರಲ್ಲಿ ಠೇವಣಿಯಿಟ್ಟೆವು. ಪರವಾನಗಿಯನ್ನು ನನ್ನ ಹೆಸರಿಗೆ ಬೇಡುವುದೋ, ಆಯುಧವನ್ನೇ ಬಿಟ್ಟುಕೊಡುವುದೋ ಎಂದು ಮನಸ್ಸು ತೂಗಾಡುತ್ತಿತ್ತು. ಮುತ್ತಾತನವರು ಹಿಡಿದ ವಸ್ತುವನ್ನು ಬಿಡುವುದೆಂತು? ಅದರ ವಯಸ್ಸೆಷ್ಟೆಂದು ಒಂದು ದಿನ ಆ ವ್ಯಾಪಾರಿಯನ್ನೇ ಕೇಳಿದೆನು.

ಅವರು ಮೊದಲು ಅದನ್ನು ಮಡಿಸಿ ತೆರೆದು, ಆರು ಮನೆಗಳಲ್ಲಿಯೂ ತೋಟಾ ಇಲ್ಲವೆಂಬುದನ್ನು ನೋಡಿಕೊಂಡರು. "ನಂಬರು ಕೆತ್ತಿದೆಯಲ್ಲ, ಅದರಿಂದ ವರ್ಷ ತಿಳಿಯದೆ?" ಎಂದೆನು.

"ನಂಬರೊಂದನ್ನೇ ನಂಬಬಾರದು ಮೇಷ್ಟ್ರೇ. ಅನೇಕ ಕಾರ್ಖಾನೆಗಳು ಮಾದರಿಗೊಂದು ಸಾಲಿನಂತೆ ನಂಬರು ಹಾಕುತ್ತಿದ್ದವು. ಒಂದೇ ನಂಬರು ಎರಡು ಮೂರು ಮಾದರಿಗಳ ಮೇಲೂ ಇರಬಹುದು" ಎಂದರು.

ಇದು ನನಗೆ ಕೂಡಲೆ ಅರ್ಥವಾಯಿತು. ಶಾಸನದಲ್ಲಿ ಸಂವತ್ಸರದ ಹೆಸರು ಮಾತ್ರವಿದ್ದರೆ ಇದೇ ತೊಡಕು. ಧಾತುವೆಂದರೆ 1876 ಆಗಬಹುದು, 1936 ಆಗಬಹುದು, 1996 ಸಹ ಆಗಬಹುದು. 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಸಂಪುಟವನ್ನು ಪ್ರಕಟಿಸಿದ ರೈಸ್ ಸಾಹೇಬರಂಥವರು, ಕಾಲ ಹೇಳದ ಕಲ್ಲುಗಳಿಗೆ ಅರಸರ ಹೆಸರು, ಬಿರುದು, ಲಿಪಿಯ ಆಕಾರಗಳಿಂದ ಕಾಲವನ್ನು ಊಹಿಸುತ್ತಿದ್ದರು. ಇಲ್ಲಿಯೂ ಅದೇ ದಾರಿ.

ಭೂತಗನ್ನಡಿ ಹಿಡಿದು ಓದಿದೆನು. 'ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್' ಎಂಬ ಹೆಸರು ಕಂಡಿತು. ಬರ್ಮಿಂಗ್‌ಹ್ಯಾಮಿನ ಈ ಸಂಸ್ಥೆಯು 1897ರಲ್ಲಿ ಹಲವು ಕಾರ್ಖಾನೆಗಳು ಕೂಡಿ ಹುಟ್ಟಿದುದು; ಮೊದಲು ಅದರ ಹೆಸರು ಇನ್ನೂ ಉದ್ದವಾಗಿದ್ದಿತು; ಈ ಚಿಕ್ಕ ಹೆಸರು ಬಂದದ್ದು 1906ರಲ್ಲಿ. ಮತ್ತೊಂದು ಕಡೆ ಕಿರೀಟದ ಕೆಳಗೆ 'ಎನ್‌ಪಿ' ಎಂಬ ಎರಡಕ್ಷರ. ಹೊಗೆಯಿಲ್ಲದ ಮದ್ದನ್ನು ತುಂಬಿ ಪರೀಕ್ಷಿಸಿದುದಕ್ಕೆ ಆ ಊರಿನ ಪರೀಕ್ಷಾಲಯವು 1904ರಿಂದ ಒತ್ತುತ್ತಿದ್ದ ಮುದ್ರೆ ಅದು. ನಮ್ಮ ಪೆಟ್ಟಿಗೆಯಲ್ಲಿ ತಾತನವರ ಹೆಸರಿನ ಮೊದಲ ಪರವಾನಗಿ 1924ರದು. ಆದಕಾರಣ ಆಯುಧವು 1906ಕ್ಕೆ ಹಿಂದಿನದಲ್ಲ, 1924ಕ್ಕೆ ಮುಂದಿನದೂ ಅಲ್ಲ.

ಮುತ್ತಾತನವರೋ, ಆ ಹಿಂದಿನ ಶತಮಾನ ಮುಗಿಯುವುದಕ್ಕೆ ಮೊದಲೇ ತೀರಿಕೊಂಡಿದ್ದರು!

ಆಪ್ತವಾಕ್ಯವೂ ಪ್ರಮಾಣವೆಂದು ನಾನು ಓದಿದವನು. ಆದರೆ ಉಕ್ಕಿನ ಮೇಲೆ ಕೊರೆದ ಅಕ್ಷರ ಎದುರಿಗಿರುವಾಗ ಹಿರಿಯರ ಮಾತೆಂದು ಹಟ ಹಿಡಿಯಲಾದೀತೆ? ತಾತನವರು ಸುಳ್ಳು ಹೇಳಿದರೆನ್ನಲಾರೆ. ಒಂದು ತಲೆಯವರ ಕಥೆ, ಮತ್ತೊಂದು ತಲೆಯವರ ಆಯುಧ. ಎರಡನ್ನೂ ಕೇಳಿ ಬೆಳೆದ ಮಕ್ಕಳ ಬಾಯಲ್ಲಿ ಅವು ಒಂದಾಗಿರಬೇಕು. ಆದರೆ ಪರೀಕ್ಷಿಸದೆ ಅಷ್ಟು ವರ್ಷ ಪಾಠ ಹೇಳಿದವನು ನಾನು. ಆ ನಾಚಿಕೆ ನನ್ನದೇ.

ಆಯುಧವನ್ನು ಬಿಟ್ಟುಕೊಡುವುದಾಗಿ ಬರೆದುಕೊಟ್ಟೆನು. ಮನೆಗೆ ಬಂದು ಮೊಮ್ಮಗನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆನು.

"ಹಾಗಾದರೆ ಕಳ್ಳರು ಬಂದದ್ದೇ ಸುಳ್ಳಾ, ತಾತ?" ಎಂದನು.

"ಬಂದಿದ್ದರೂ ಬಂದಿರಬಹುದಪ್ಪ. ಆದರೆ ಅವತ್ತು ಅವರ ಕೈಯಲ್ಲಿ ಈ ರಿವಾಲ್ವರು ಇರಲಿಲ್ಲ."

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬರಿಗೈಲೇ ನಿಂತಿದ್ದರೇನೋ!" ಎಂದನು.

ಅದಕ್ಕೆ ನನ್ನಲ್ಲಿ ಪ್ರಮಾಣವಿಲ್ಲ. ಹಾಗೆಂದೇ ಅವನಿಗೆ ಹೇಳಿದೆನು.