ಚಳಿಗಾಲ ಬಂತು, ಶಾಲೆ ಅಂಗಳಕ್ಕಿಳಿಯಿತು

ಬೆಳಿಗ್ಗೆ ಒಂಬತ್ತು ಗಂಟೆ. ಡಿಸೆಂಬರಿನ ಮೂರನೇ ವಾರ. ತೀರ್ಥಹಳ್ಳಿ ಸೀಮೆಯ ಈ ಕಣಿವೆಯಲ್ಲಿ ಅಡಿಕೆ ಮರಗಳ ತಲೆ ಮಾತ್ರ ಕಾಣುತ್ತಿದೆ, ಬುಡವೆಲ್ಲ ಮಂಜಿನೊಳಗೆ. ಡಾಂಬರು ರಸ್ತೆ ಬಿಟ್ಟು ಗದ್ದೆಯಂಚಿಗೆ ಇಳಿಯುತ್ತಿದ್ದಂತೆ ಪಾದ ತೊಯ್ದು ತಣ್ಣಗಾಗುತ್ತದೆ. ಕೊಯ್ಲಾದ ಭತ್ತದ ಕೂಳೆಯ ತುದಿತುದಿಗೂ ಇಬ್ಬನಿ ಕೂತಿದೆ. ಯಾರದೋ ಮನೆಯಲ್ಲಿ ಅಡಿಕೆ ಬೇಯಿಸುತ್ತಿದ್ದಾರೆ, ಚೊಗರಿನ ಒಗರು ವಾಸನೆ ಹೊಗೆಯ ಜೊತೆ ತೇಲಿ ಬರುತ್ತಿದೆ. ಎದುರಿನ ದಿಬ್ಬದ ಮೇಲೆ ಹೆಂಚಿನ ಮಾಡಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಇಬ್ಬರು ಶಿಕ್ಷಕರು, ಒಂದರಿಂದ ಐದರವರೆಗೆ ತರಗತಿ, ಎಲ್ಲ ಸೇರಿ ಇಪ್ಪತ್ತರ ಆಸುಪಾಸಿನ ಮಕ್ಕಳು.

ತೋಟದ ದಾರಿಯಿಂದ ಇಬ್ಬರು, ಗುಡ್ಡದ ಕಾಲುದಾರಿಯಿಂದ ಮೂವರು, ಹೀಗೆ ಮಂಜಿನೊಳಗಿಂದ ಒಬ್ಬೊಬ್ಬರೇ ಮೂಡಿ ಬರುತ್ತಿದ್ದಾರೆ. ಒಬ್ಬನ ಕಿವಿಗೆ ಮಂಕಿ ಕ್ಯಾಪು, ಇನ್ನೊಬ್ಬಳ ಹೆಗಲ ಮೇಲೆ ಅಜ್ಜನ ಶಾಲು. ತುಟಿಗಳೆಲ್ಲ ಮಿರಮಿರ ಹೊಳೆಯುತ್ತಿವೆ. ಮನೆಯಿಂದ ಹೊರಡುವ ಮುಂಚೆ ಅಮ್ಮಂದಿರು ಮುರುಗಲ ತುಪ್ಪ ಸವರಿ ಕಳಿಸಿದ್ದಾರೆ. ಜಗಲಿಯ ಮೇಲೆ ಬಿಸಿ ಹಾಲಿನ ಪಾತ್ರೆ ಬಂದಿದೆ. ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು, ಮೊದಲು ಕೆನ್ನೆಗೆ ಒತ್ತಿಕೊಂಡು, ಆಮೇಲೆ ಕುಡಿಯುತ್ತಾರೆ.

ಹಾಲು ಮುಗಿದ ಕೂಡಲೇ ಯಾರೂ ಒಳಗೆ ಹೋಗುವುದಿಲ್ಲ. ಇಲ್ಲಿಯ ಇಬ್ಬರು ಶಿಕ್ಷಕರು ಮಾಡಿಕೊಂಡ ಕ್ರಮ ಇದು: ಮಳೆ ಪೂರ್ತಿ ನಿಂತ ಮೇಲೆ, ಬೇಸಿಗೆಯ ಧಗೆ ಹತ್ತುವ ಮೊದಲು, ದಿನದ ಮೊದಲ ಪಾಠ ಹೊರಗೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಲೆನಾಡಿನ ಮಗು ಮಾಡಿನ ಕೆಳಗೇ ಇರಬೇಕು, ಹೊರಗೆ ಜಡಿಮಳೆ, ಕಾಲಿಗೆ ಉಂಬಳ. ಮಾರ್ಚ್ ಬಂದರೆ ಬಿಸಿಲು, ಅದರ ಹಿಂದೆಯೇ ಪರೀಕ್ಷೆ. ನೆಲ ಒಣಗಿ, ಆಕಾಶ ತಿಳಿಯಾಗಿ, ಬಿಸಿಲು ಹಿತವಾಗಿರುವುದು ಈ ಹತ್ತು ಹನ್ನೆರಡು ವಾರ ಮಾತ್ರ. ಇದನ್ನು ಗೋಡೆಯೊಳಗೆ ಕಳೆದರೆ ವರ್ಷವೇ ಕಳೆದ ಹಾಗೆ ಎಂದು ಈ ಶಾಲೆ ನಂಬಿದೆ. ಇಲ್ಲಿ ಒಂದು ದಿನ ನಿಂತು ನೋಡಿದರೆ ನೀವೂ ನಂಬುತ್ತೀರಿ.

ಐದನೇ ತರಗತಿಯ ಇಬ್ಬರು ಥರ್ಮಾಮೀಟರ್ ಹಿಡಿದು ತೋಟಕ್ಕೆ ಓಡಿದ್ದಾರೆ. ಇನ್ನೊಂದು ಥರ್ಮಾಮೀಟರ್ ಶಾಲೆಯ ಜಗಲಿಯಲ್ಲಿ ತೂಗುತ್ತಿದೆ. ಏದುಸಿರು ಬಿಡುತ್ತ ಹಿಂತಿರುಗಿದವರು ಕೂಗುತ್ತಾರೆ: "ಕೆಳಗೆ 13!" ಜಗಲಿಯದ್ದು 16. ಮೇಷ್ಟ್ರು ಎರಡೂ ಅಂಕಿಗಳನ್ನು ಹಲಗೆಯ ಮೇಲೆ ಬರೆದು ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಕೇಳುತ್ತಾರೆ, "ಗುಡ್ಡದ ಮೇಲೆ ಗಾಳಿ ಜಾಸ್ತಿ. ಹಾಗಾದ್ರೆ ಚಳಿ ಮೇಲೆ ಹೆಚ್ಚಿರಬೇಕಲ್ಲ, ಕೆಳಗೆ ಎಂಥಕ್ಕೆ ಹೆಚ್ಚು?"

ಸ್ವಲ್ಪ ಹೊತ್ತು ಮಾತಿಲ್ಲ. ನಾಲ್ಕನೆಯ ತರಗತಿಯ ಹುಡುಗನೊಬ್ಬ ಕಾಲುವೆಯ ಕಡೆ ಕೈ ತೋರಿಸುತ್ತಾನೆ. "ನೀರು ಇಳಿದ ಹಾಗೆ ಚಳಿಯೂ ಇಳೀತದೆ ಮೇಷ್ಟ್ರೇ."

ಅವನು ಹೇಳಿದ್ದು ಸರಿ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ತೂಕ ಪಡೆಯುತ್ತದೆ, ಇಳಿಜಾರು ಹಿಡಿದು ಕಣಿವೆಯ ತಳಕ್ಕೆ ಬಂದು ನಿಲ್ಲುತ್ತದೆ. ಮಂಜು ತೋಟದಲ್ಲಿ ಬೆಳಿಗ್ಗೆ ಅಷ್ಟು ಹೊತ್ತು ಮಲಗಿರುವುದು ಇದೇ ಕಾರಣಕ್ಕೆ. ಮಾತು ಮುಗಿಯುವಷ್ಟರಲ್ಲಿ ಮಕ್ಕಳ ಕಣ್ಣೆದುರೇ ಮಂಜಿನ ಅಂಚು ಹರಿಯತೊಡಗುತ್ತದೆ. ಪುಸ್ತಕದ ಚಿತ್ರದಲ್ಲಿ ಬಾಣದ ಗುರುತಿನಿಂದ ತೋರಿಸುವುದನ್ನು ಇವರು ಮೈಯಿಂದಲೇ ಓದಿದ್ದಾರೆ.

"ಟೀಚರ್, ಗುಣಾಕಾರದ ಜೇಡ!"

ಬೇಲಿಯ ಕಡೆಯಿಂದ ಕೂಗು. ಎಲ್ಲರೂ ಅತ್ತ ನುಗ್ಗುತ್ತಾರೆ. ಟೀಚರ್ ಕೈ ಅಡ್ಡ ಹಿಡಿದು ನಿಲ್ಲಿಸುತ್ತಾರೆ. "ನೆರಳು ಬೀಳಬಾರದು, ಕೂತ್ಕೊಂಡು ನೋಡಿ." ನೀವೂ ಮಂಡಿಯೂರಿ ಕೂರಿ. ಲಂಟಾನ ಪೊದೆಯ ಎರಡು ಕೊಂಬೆಗಳ ನಡುವೆ ಚಕ್ರದಂಥ ಬಲೆ, ಎಳೆ ಎಳೆಗೂ ಇಬ್ಬನಿಯ ಸಣ್ಣ ಹನಿ. ನಡುವೆ ಒಂದು ಜೇಡ, ಹೊಟ್ಟೆಯ ಮೇಲೆ ಹಳದಿ ಪಟ್ಟೆ. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ ನಾಲ್ಕು ದಿಕ್ಕಿಗೆ ಚಾಚಿದೆ. ಪ್ರತಿ ಜೋಡಿ ಕಾಲಿನ ತುದಿಯಿಂದಾಚೆಗೆ ದಪ್ಪ ಬಿಳಿ ರೇಷ್ಮೆಯ ಅಂಕುಡೊಂಕು ಹೊಲಿಗೆ. ಕಾಲೂ ಹೊಲಿಗೆಯೂ ಸೇರಿ ಬಲೆಯ ನಡುವೆ ದೊಡ್ಡದೊಂದು ಗುಣಾಕಾರ ಚಿಹ್ನೆ ನಿಂತಿದೆ. ಮಕ್ಕಳು ಇಟ್ಟ ಹೆಸರು ಅಲ್ಲಿಂದಲೇ ಬಂದದ್ದು.

ಟೀಚರ್ ಒಂದು ಹುಲ್ಲುಕಡ್ಡಿ ಕೊಡುತ್ತಾರೆ. ಮೂರನೆಯ ತರಗತಿಯ ಹುಡುಗಿ ಉಸಿರು ಬಿಗಿಹಿಡಿದು, ನಡುವಿನಿಂದ ಅಂಚಿಗೆ ಹೋಗುವ ನೇರ ಎಳೆಗೆ ಕಡ್ಡಿ ತಾಗಿಸುತ್ತಾಳೆ. ಅಂಟುವುದಿಲ್ಲ. ಸುತ್ತು ಹಾಕುವ ಎಳೆಗೆ ತಾಗಿಸುತ್ತಾಳೆ. ಎಳೆ ಕಡ್ಡಿಯ ಜೊತೆಗೇ ಬರುತ್ತದೆ, ರಬ್ಬರಿನಂತೆ ಹಿಗ್ಗಿ ಮತ್ತೆ ಹಿಂದೆ ಸರಿಯುತ್ತದೆ. ಓಡಾಡಲು ಅಂಟಿಲ್ಲದ ದಾರಿ, ಬೇಟೆಗೆ ಅಂಟಿನ ಸುತ್ತು. "ಈ ಗುಣಾಕಾರ ಎಂಥಕ್ಕೆ ಟೀಚರ್?" ಹುಳುಗಳನ್ನು ಸೆಳೆಯಲಿಕ್ಕೆ ಎನ್ನುವವರಿದ್ದಾರೆ, ಹಕ್ಕಿಗಳು ಬಲೆ ಹರಿಯದಂತೆ ಎಚ್ಚರಿಸಲಿಕ್ಕೆ ಎನ್ನುವವರೂ ಇದ್ದಾರೆ, ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಟೀಚರ್ ಅದನ್ನೇ ಹೇಳುತ್ತಾರೆ: "ದೊಡ್ಡೋರೇ ಇನ್ನೂ ಹುಡುಕ್ತಾ ಇದಾರೆ. ನೀವೂ ಹುಡುಕಿ." ಬೇಲಿಯುದ್ದಕ್ಕೂ ಎಷ್ಟು ಬಲೆಗಳಿವೆ, ಯಾವುದರಲ್ಲಿ ನಾಲ್ಕೂ ತೋಳಿನ ಚಿಹ್ನೆ, ಯಾವುದರಲ್ಲಿ ಎರಡೇ ಎಂಬ ಎಣಿಕೆ ಶುರುವಾಗುತ್ತದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದು ಮಗುವಿನ ಕೈಗೆ ಸಿಕ್ಕಿದೆ. ಶಾಲೆ ಕೊಡಬಹುದಾದ ಉಡುಗೊರೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ.

ಹತ್ತೂವರೆಗೆ ಬಿಸಿಲು ಅಂಗಳಕ್ಕೆ ಬಂದಿದೆ. ಸ್ವೆಟರುಗಳು ಒಂದೊಂದಾಗಿ ಜಗಲಿಯ ಕಂಬಕ್ಕೆ ಸೇರುತ್ತಿವೆ. ಗೇಟಿನ ಬಳಿಯ ಅಪ್ಪೆ ಮಾವಿನ ಮರ ಹೂವಿಗೆ ನಿಂತಿದೆ. ಈ ಮರ ಶಾಲೆಯ ಲೆಕ್ಕದ್ದು. ಚಿಗುರು, ಮೊಗ್ಗು, ಹೂವು, ಮಿಡಿ, ಯಾವುದು ಎಷ್ಟಿದೆ ಎಂದು ಮಕ್ಕಳು ವಾರಕ್ಕೊಮ್ಮೆ ನೋಡಿ ಬರೆಯುತ್ತಾರೆ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಹಲವು ಶಾಲೆಗಳ ಮಕ್ಕಳು ಹೀಗೆಯೇ ಮರಗಳ ದಿನಚರಿ ಇಡುತ್ತಾರೆ. ತಗ್ಗಿದ ಕೊಂಬೆಯ ಒಂದು ಹೂಗೊಂಚಲಿನ ಮುಂದೆ ಇಬ್ಬರು ಹುಡುಗಿಯರು ಭೂತಗನ್ನಡಿ ಹಿಡಿದು ನಿಂತಿದ್ದಾರೆ. ಜೇನುನೊಣ ಬರುತ್ತದೆಂದು ಕಾದವರಿಗೆ ಕಂಡದ್ದು ಬರೀ ನೊಣಗಳು. ಮುಖ ಕಿವುಚಿಕೊಂಡು ಬಂದು ದೂರು ಹೇಳುತ್ತಾರೆ. ಮಾವಿನ ಹೂವಿಗೆ ಪರಾಗಸ್ಪರ್ಶ ಮಾಡುವುದರಲ್ಲಿ ನೊಣಗಳ ಪಾಲು ದೊಡ್ಡದು, ಅವಿಲ್ಲದಿದ್ದರೆ ಉಪ್ಪಿನಕಾಯಿ ಜಾಡಿ ತುಂಬುವುದು ಕಷ್ಟ ಎಂದು ಮೇಷ್ಟ್ರು ಹೇಳಿದ ಮೇಲೆ ಇಬ್ಬರೂ ಮತ್ತೆ ಮರದ ಕಡೆಗೆ ನಡೆಯುತ್ತಾರೆ. ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿ ಹೂಗಳಿರುತ್ತವೆ. ಕಾಯಾಗುವುದು ಬೆರಳೆಣಿಕೆಯಷ್ಟು. ಅದನ್ನು ಈ ಮಕ್ಕಳು ಮಾರ್ಚ್‌ನಲ್ಲಿ ತಾವೇ ಎಣಿಸುತ್ತಾರೆ.

ಕಾಲುವೆಯ ಕಲ್ಲಿನ ಮೇಲೆ ಹೊಟ್ಟೆ ಹಳದಿಯಾದ ಬೂದು ಸಿಪಿಲೆ ಬಾಲ ಮೇಲೆ ಕೆಳಗೆ ಆಡಿಸುತ್ತಿದೆ. ಬೇಸಿಗೆಯಲ್ಲಿ ಹಿಮಾಲಯದಲ್ಲೋ ಅದರಾಚೆಯ ಉತ್ತರದಲ್ಲೋ ಗೂಡು ಕಟ್ಟಿ, ಚಳಿಗಾಲಕ್ಕೆ ಇಲ್ಲಿಗೆ ಬರುವ ಹಕ್ಕಿ. ಒಂದನೇ ತರಗತಿಯ ಪೋರನಿಗೆ ಇಷ್ಟು ಸಣ್ಣ ಹಕ್ಕಿ ಅಷ್ಟು ದೂರದಿಂದ ಬಂತೆಂದರೆ ನಂಬಿಕೆ ಬರುತ್ತಿಲ್ಲ. "ಬಸ್ಸಲ್ಲಾ?" ಎನ್ನುತ್ತಾನೆ. ಯಾರೂ ನಗುವುದಿಲ್ಲ. ಮೇಷ್ಟ್ರು ಗೋಡೆಯ ನಕ್ಷೆಯ ಮುಂದೆ ಅವನನ್ನು ಎತ್ತಿ ಹಿಡಿದು, ಹಿಮಾಲಯದಿಂದ ತೀರ್ಥಹಳ್ಳಿಯವರೆಗೆ ಅವನ ಬೆರಳಿನಿಂದಲೇ ಗೆರೆ ಎಳೆಸುತ್ತಾರೆ.

ಈ ನಡುವೆ ಅಂಗಳದ ಮಧ್ಯೆ ಇನ್ನೊಂದು ಕೆಲಸ ನಡೆದೇ ಇದೆ. ಒಂದು ಮೀಟರ್ ಎತ್ತರದ ಕೋಲು ನೆಟ್ಟಿದ್ದಾರೆ. ಅದರ ನೆರಳಿನ ತುದಿಗೆ ಹತ್ತು ನಿಮಿಷಕ್ಕೊಮ್ಮೆ ಒಂದು ಕಲ್ಲು ಇಡುತ್ತಿದ್ದಾರೆ. ಕೋಲಿನ ಬುಡದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ, ಪಕ್ಕದಲ್ಲಿ ಒಂದು ತುಂಡು ಮುರುಗಲ ತುಪ್ಪ. ಬೆಳಿಗ್ಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಹನ್ನೊಂದರ ಹೊತ್ತಿಗೆ ಬಿಸಿಲು ತಾಗುವ ಮಗ್ಗುಲು ಕರಗಿ ತಿಳಿಯಾಗಿದೆ, ನೆರಳಿನ ಮಗ್ಗುಲು ಇನ್ನೂ ಬಿಳಿ. ಕೊಬ್ಬರಿ ಎಣ್ಣೆ ಕರಗುವುದು 24–25 ಡಿಗ್ರಿಯಲ್ಲಿ, ಹಾಗಾಗಿ ಮಲೆನಾಡಿನ ಪ್ರತಿ ಬಚ್ಚಲುಮನೆಯಲ್ಲೂ ಒಂದು ಥರ್ಮಾಮೀಟರ್ ಇದ್ದಂತಾಯಿತು. ಮುರುಗಲ ತುಪ್ಪ ಮಾತ್ರ ಅಲುಗಿಲ್ಲ. ಅದನ್ನು ಮೆತ್ತಗಾಗಿಸಲು ಅಂಗೈಯಲ್ಲಿಟ್ಟು ಚೆನ್ನಾಗಿ ತಿಕ್ಕಬೇಕು. ಪ್ರತಿಯೊಬ್ಬರೂ ತಿಕ್ಕಿ ನೋಡಿ, ಉಳಿದದ್ದನ್ನು ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳುತ್ತಾರೆ.

ಹನ್ನೆರಡು ಹೊಡೆಯಿತು. ನಡುಹಗಲು, ನೆರಳು ಅತಿ ಚಿಕ್ಕದಾಗಬೇಕು. ಆದರೆ ಮುಂದಿನ ಕಲ್ಲು ಇನ್ನೂ ಒಳಗೆ ಬಿತ್ತು. ಅದರ ಮುಂದಿನದೂ. 12.27ರ ಆಸುಪಾಸಿನಲ್ಲಿ ನೆರಳು ನಿಂತಿತು, 76 ಸೆಂಟಿಮೀಟರ್. ಆಮೇಲೆ ಮತ್ತೆ ಬೆಳೆಯತೊಡಗಿತು. "ಗಡಿಯಾರ ತಪ್ಪು!" ಎಂದು ಒಬ್ಬ. "ಸೂರ್ಯ ಲೇಟು!" ಎಂದು ಇನ್ನೊಬ್ಬ. ಭಾರತದ ಗಡಿಯಾರ ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ನಾವಿರುವುದು 75 ಡಿಗ್ರಿಯ ಹತ್ತಿರ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಐದನೇ ತರಗತಿಯ ಹುಡುಗಿ ನೆಲದ ಮೇಲೆ ಕಡ್ಡಿಯಲ್ಲಿ ಏಳೂವರೆಯನ್ನು ನಾಲ್ಕರಿಂದ ಗುಣಿಸಿ, "ಅರ್ಧ ಗಂಟೆ!" ಎಂದು ಎದ್ದು ನಿಲ್ಲುತ್ತಾಳೆ. ಕೋಲು, ಕಲ್ಲು ಮತ್ತು ಮಗ್ಗಿ ಸೇರಿ ಇಡೀ ದೇಶದ ಭೂಪಟವನ್ನು ಅವಳ ಅಂಗಳಕ್ಕೆ ತಂದಿವೆ.

ಈ ಕೋಲು ಸಂಕ್ರಾಂತಿಯವರೆಗೂ ಇಲ್ಲೇ ಇರುತ್ತದೆ. ನಡುಹಗಲಿನ ನೆರಳು ಕಡಿಮೆಯಾಗತೊಡಗುವುದು ಡಿಸೆಂಬರ್ 22ರ ನಂತರ, ಅಂದರೆ ಸೂರ್ಯ ಉತ್ತರಕ್ಕೆ ತಿರುಗುವುದು ಎಳ್ಳುಬೆಲ್ಲ ಹಂಚುವುದಕ್ಕಿಂತ ಮೂರು ವಾರ ಮೊದಲೇ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವು. ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ ಈ ಅಂತರ ಬೆಳೆದಿದೆ.

ಬಿಸಿಯೂಟ ಮುಗಿಯಿತು. ಈಗ ಪಾಠವಿಲ್ಲ, ಮೇಲ್ವಿಚಾರಣೆಯೂ ಕಣ್ಣಿಗೆ ಕಾಣದಷ್ಟೇ. ಅಡಿಕೆ ಹಾಳೆಗಳು ಹೊರಬಂದಿವೆ. ಅಗಲವಾದ ಹಾಳೆಯ ಮೇಲೆ ಒಬ್ಬಳು ಕೂತು ಸೋಗೆಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಇಬ್ಬರು ಮುಂದಿನ ತುದಿ ಹಿಡಿದು ಎಳೆಯುತ್ತಿದ್ದಾರೆ. ದಿಬ್ಬದ ಒಣಹುಲ್ಲಿನ ಇಳಿಜಾರಿನಲ್ಲಿ ಹಾಳೆ ಸುಂಯ್ ಎಂದು ಜಾರುತ್ತದೆ, ತಿರುವಿನಲ್ಲಿ ಮಗುಚುತ್ತದೆ. ಬಿದ್ದವಳು ಮೊಣಕೈ ನೋಡಿಕೊಂಡು, ರಕ್ತವಿಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಸಾಲಿನಲ್ಲಿ ನಿಲ್ಲುತ್ತಾಳೆ. ಆಚೆ ಹಲಸಿನ ಮರದಲ್ಲಿ ಮರಕೋತಿ ನಡೆದಿದೆ. ಎಷ್ಟು ಎತ್ತರದ ಕೊಂಬೆ ತನ್ನನ್ನು ತಡೆದೀತು ಎಂಬುದನ್ನು ಪ್ರತಿ ಮಗುವೂ ಕಾಲಿನಿಂದ ಒತ್ತಿ ನೋಡಿ ತೀರ್ಮಾನಿಸುತ್ತಿದೆ. ನೆಲ್ಲಿಕಾಯಿ ಕಚ್ಚಿ ಮುಖ ಹಿಂಡಿ, ಮೇಲೆ ನೀರು ಕುಡಿದು ಸಿಹಿಯಾಯಿತೆಂದು ಕುಣಿಯುವವರು ಬೇರೆ. ಬಿದ್ದು ಏಳುವುದು, ಸರದಿಗೆ ಜಗಳವಾಡಿ ರಾಜಿಯಾಗುವುದು, ಚಿಕ್ಕವರಿಗೆ ಒಂದು ಆಟ ಬಿಟ್ಟುಕೊಡುವುದು, ಇದ್ಯಾವುದಕ್ಕೂ ಅಂಕಪಟ್ಟಿಯಲ್ಲಿ ಕಾಲಮ್ ಇಲ್ಲ. ಆದರೆ ಬದುಕಿಗೆ ಇವೇ ಮೊದಲು ಬೇಕಾಗುತ್ತವೆ.

ಒಂದು ಗೆರೆಯನ್ನು ಮಾತ್ರ ಯಾರೂ ದಾಟುವುದಿಲ್ಲ. ಶಾಲೆಯ ಹಿಂದೆ ಸೊಪ್ಪಿನ ಬೆಟ್ಟ, ನೆಲದ ತುಂಬ ದರಗು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಚುರುಕಾಗುವುದೂ ಚಳಿಗಾಲದಿಂದ ಬೇಸಿಗೆಯ ನಡುವೆಯೇ. ಆದ್ದರಿಂದ ಈ ತಿಂಗಳುಗಳಲ್ಲಿ ಮಕ್ಕಳ ಓಡಾಟವೆಲ್ಲ ಅಂಗಳ, ಗದ್ದೆ, ತೋಟದಂಚಿನಲ್ಲಿ. ಬೆಟ್ಟದ ಕಡೆ ಹೋಗುವ ಮನೆಯವರು ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಂಡು ಹೋಗಬೇಕು, ಬಂದವರು ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಇದನ್ನು ಒಂದನೇ ತರಗತಿಯ ಮಗುವೂ ಬಾಯಿಪಾಠ ಹೇಳುತ್ತದೆ, ಮನೆಯಲ್ಲಿ ದೊಡ್ಡವರಿಗೂ ಹೇಳುತ್ತದೆ. ಕಾಡನ್ನು ಪ್ರೀತಿಸಲು ಕಲಿಸುವವರು ಅದರ ಅಪಾಯವನ್ನೂ ಕಲಿಸಬೇಕು. ಇಲ್ಲದಿದ್ದರೆ ಆ ಪಾಠ ಅರ್ಧಕ್ಕೇ ನಿಲ್ಲುತ್ತದೆ.

ಮೂರೂವರೆಗೆ ಎಲ್ಲರೂ ಜಗಲಿಯಲ್ಲಿ ಕೂತು ದಿನದ ಪುಸ್ತಕ ಬರೆಯುತ್ತಿದ್ದಾರೆ. ದೊಡ್ಡವರು ವಾಕ್ಯ ಬರೆಯುತ್ತಾರೆ, ಚಿಕ್ಕವರು ಚಿತ್ರ ಬಿಡಿಸಿ ಕೆಳಗೆ ಒಂದು ಪದ. ಜೇಡದ ಕಾಲು ಆರೋ ಎಂಟೋ ಎಂದು ಜಗಳ ಬಿದ್ದಾಗ ಇಬ್ಬರು ಎದ್ದು ಬೇಲಿಗೆ ಹೋಗಿ ನೋಡಿ ಬರುತ್ತಾರೆ. ಓದು, ಬರಹ, ಲೆಕ್ಕ ಎಲ್ಲವೂ ಇಲ್ಲಿದೆ, ಯಾವುದನ್ನೂ ಬಿಟ್ಟಿಲ್ಲ.

ಇದು ಹೊಸ ಕನಸೇನೂ ಅಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ಮರಗಳ ಕೆಳಗೆ ಪಾಠ ಶುರುಮಾಡಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಎಂದಿತು. 2020ರ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ನಡುವೆ 10 ಬ್ಯಾಗಿಲ್ಲದ ದಿನಗಳನ್ನು ಹೇಳುತ್ತದೆ. ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂದು ಕಣ್ಣಿನ ವೈದ್ಯರೂ ಹೇಳುತ್ತಾರೆ. ಹೇಳುವವರು ಎಲ್ಲರೂ ಹೇಳಿಯಾಗಿದೆ. ಉಳಿದಿರುವುದು ಬಾಗಿಲು ತೆರೆಯುವುದಷ್ಟೇ.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಡಿಸೆಂಬರ್, ಜನವರಿಯನ್ನು ಪುನರಾವರ್ತನೆಗೂ ವಾರ್ಷಿಕೋತ್ಸವದ ತಾಲೀಮಿಗೂ ಪೂರ್ತಿ ಒಪ್ಪಿಸಿಬಿಡಬೇಡಿ. ತಂದೆತಾಯಿಯರಲ್ಲೂ ಒಂದು ಮಾತು: ಶೀತವಾಗುತ್ತದೆ, ಬಟ್ಟೆ ಮಣ್ಣಾಗುತ್ತದೆ ಎಂದು ಮಗುವನ್ನು ತಡೆಯಬೇಡಿ, ಇನ್ನೊಂದು ಸ್ವೆಟರ್ ಹಾಕಿ ಕಳಿಸಿ. ಒಂದು ಕೋಲು, ಎರಡು ಥರ್ಮಾಮೀಟರ್, ಒಂದು ಭೂತಗನ್ನಡಿ, ಒಂದು ನೋಟ್‌ಬುಕ್, ಬೇಕಾದದ್ದು ಇಷ್ಟೇ. ಇದಕ್ಕೆ ಅನುದಾನ ಬೇಕಿಲ್ಲ, ಸುತ್ತೋಲೆಗೆ ಕಾಯಬೇಕಿಲ್ಲ. ನಾಳೆಯ ಮೊದಲ ಪಾಠವನ್ನು ಅಂಗಳದಲ್ಲೇ ಶುರುಮಾಡಿ.